ಹೊಸ ವಸತಿ ಸಮುಚ್ಚಯದಲ್ಲಿ ಮನೆ ಕೊಳ್ಳುವ ಮುನ್ನ: ಇರುವುದೆಷ್ಟು, ಬರುವುದೆಷ್ಟು

ಸರ್ಜಾಪುರ ರಸ್ತೆ, ಹೊಸಕೋಟೆ, ದೇವನಹಳ್ಳಿ, ಕನಕಪುರ ರಸ್ತೆ, ಹೀಗೆ ಬೆಂಗಳೂರಿನಿಂದ ಯಾವ ದಿಕ್ಕಿಗೆ ಹೊರಟರೂ ಊರಿನ ಅಂಚಿನಲ್ಲಿ ಹೊಸ ವಸತಿ ಸಮುಚ್ಚಯಗಳು ಏಳುತ್ತಿರುವುದು ಕಾಣುತ್ತದೆ. ಭಾನುವಾರ ನೋಡಲು ಹೋದ ಕುಟುಂಬಕ್ಕೆ ಗಾಜಿನ ಪೆಟ್ಟಿಗೆಯೊಳಗಿನ ಪುಟ್ಟ ಮಾದರಿಯನ್ನೂ, ಅಲಂಕರಿಸಿದ ಮಾಡೆಲ್ ಫ್ಲ್ಯಾಟನ್ನೂ, ಬೆಲೆಯ ಪಟ್ಟಿಯನ್ನೂ ತೋರಿಸುತ್ತಾರೆ. ಇಂಥ ಮನೆಯ ಲಾಭ-ನಷ್ಟವನ್ನು ತೂಗುವುದು, ಕಟ್ಟಿ ಹತ್ತು ವರ್ಷವಾದ ಮನೆಯೊಂದನ್ನು ಸುತ್ತಾಡಿ ನೋಡಿ ಕೊಳ್ಳುವಷ್ಟು ಸುಲಭವಲ್ಲ. ಏಕೆಂದರೆ ನಾವು ಕೊಡುವ ಹಣದಲ್ಲಿ ಒಂದು ಪಾಲು ಈಗಾಗಲೇ ನೆಲದ ಮೇಲೆ ಇರುವುದಕ್ಕೆ ಹೋದರೆ, ಇನ್ನೊಂದು ಪಾಲು ಮುಂದೆ ಬರಲಿದೆ ಎಂದು ಹೇಳಿದ್ದಕ್ಕೆ ಹೋಗುತ್ತದೆ. ಈ ಎರಡನ್ನೂ ಬೇರ್ಪಡಿಸಿಕೊಳ್ಳದೆ ಬೆಲೆಯ ಮಾತಿಗೆ ಇಳಿಯಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಆದ್ದರಿಂದ ಮೊದಲ ಭೇಟಿಯಿಂದ ಮನೆಗೆ ಬಂದ ಕೂಡಲೇ ನೋಟ್‌ಬುಕ್ಕಿನ ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ, ನೀವು ಕಣ್ಣಾರೆ ಕಂಡದ್ದನ್ನು ಬರೆಯಿರಿ: ಡಾಂಬರು ರಸ್ತೆ ಎಲ್ಲಿಯವರೆಗೆ ಇದೆ, ಬಸ್ ಎಲ್ಲಿ ನಿಲ್ಲುತ್ತದೆ, ದಿನಸಿ ಅಂಗಡಿ, ಶಾಲೆ, ಆಸ್ಪತ್ರೆ ಎಷ್ಟು ದೂರ. ಬಲಗಡೆ, ಮಾರಾಟದವರು ಹೇಳಿದ್ದನ್ನೆಲ್ಲ ಬರೆಯಿರಿ. ಆಮೇಲೆ ಬಲಗಡೆಯ ಪ್ರತಿಯೊಂದರ ಮುಂದೆ, ಇದನ್ನು ಮಾಡಬೇಕಾದವರು ಯಾರು ಎಂದು ಗುರುತು ಹಾಕಿ. ಈಜುಕೊಳವನ್ನು ಕಟ್ಟಬೇಕಾದವರು ಬಿಲ್ಡರ್. ಅದನ್ನು ಕರಾರಿನಲ್ಲಿ ಬರೆಸಿಕೊಳ್ಳಬಹುದು. ಮೆಟ್ರೊ, ವರ್ತುಲ ರಸ್ತೆ, ಕಾವೇರಿ ನೀರು ಇವೆಲ್ಲ ಸರ್ಕಾರದ ಕೆಲಸ. ಅವುಗಳ ಹೆಸರಿನಲ್ಲಿ ಬಿಲ್ಡರ್ ಬೆಲೆ ಏರಿಸಬಹುದು, ಆದರೆ ಹೊಣೆ ಹೊರುವುದಿಲ್ಲ. ಪೆರಿಫೆರಲ್ ರಿಂಗ್ ರಸ್ತೆಗೆ ಭೂಸ್ವಾಧೀನದ ಅಧಿಸೂಚನೆ ಹೊರಟದ್ದು 2005ರಲ್ಲಿ. ಎರಡು ದಶಕ ಕಳೆದು, ಯೋಜನೆಯ ಹೆಸರು ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂದು ಬದಲಾದರೂ ಅದರ ಮೇಲೆ ವಾಹನ ಓಡಿಲ್ಲ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಮೆಟ್ರೊ ಹಳದಿ ಮಾರ್ಗ ಹಲವು ಗಡುವುಗಳನ್ನು ದಾಟಿ 2025ರ ಆಗಸ್ಟ್‌ನಲ್ಲಿ ತೆರೆಯಿತು. ಅದನ್ನೇ ನಂಬಿ ಮೊದಲೇ ಮನೆ ಕೊಂಡಿದ್ದವರು ಅಲ್ಲಿಯವರೆಗೆ ಹೊಸೂರು ರಸ್ತೆಯ ದಟ್ಟಣೆಯಲ್ಲೇ ಓಡಾಡಿದರು. ಸರ್ಕಾರಿ ಸಂಸ್ಥೆಯ ಬಡಾವಣೆಯಾದರೂ ಈ ಎಚ್ಚರ ಬೇಕು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ರೂಪಿಸಿದ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ 2016ರಿಂದ ನಿವೇಶನ ಹಂಚಿಕೆ ನಡೆದರೂ, ನೀರು, ಒಳಚರಂಡಿ, ರಸ್ತೆಗಾಗಿ ನಿವೇಶನದಾರರು ವರ್ಷಗಟ್ಟಲೆ ಕಾದರು. ಬಲಗಡೆಯ ಸರ್ಕಾರಿ ಬಾಬತ್ತುಗಳು ಒಂದೂ ಬರದಿದ್ದರೂ ಐದು ವರ್ಷ ಈ ಜಾಗದಲ್ಲಿ ಬದುಕಬಲ್ಲೆವೇ ಎಂದು ಮನೆಮಂದಿಯೆಲ್ಲ ಕೂತು ಯೋಚಿಸಬೇಕು.

ಬೆಲೆಯನ್ನು ಕೊನೆಯ ರೂಪಾಯಿಯವರೆಗೆ ಬಿಡಿಸಿ ನೋಡುವುದು

ಪತ್ರಿಕೆಯ ಜಾಹೀರಾತಿನಲ್ಲಿ ಕಾಣುವ ದರ ಸಾಮಾನ್ಯವಾಗಿ ಸೂಪರ್ ಬಿಲ್ಟಪ್ ಅಳತೆಯ ಮೇಲಿನದು. ಅದರಲ್ಲಿ ಲಿಫ್ಟು, ಮೆಟ್ಟಿಲು, ಮೊಗಸಾಲೆ, ಕ್ಲಬ್‌ಹೌಸುಗಳ ಪಾಲೂ ಸೇರಿರುತ್ತದೆ. ನಮ್ಮ ಕಾಲಿಗೆ ಸಿಗುವ ನೆಲ ಕಾರ್ಪೆಟ್ ಏರಿಯಾ. ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆಯ ಪ್ರಕಾರ ಅದರಲ್ಲಿ ಒಳಗೋಡೆಗಳು ಸೇರುತ್ತವೆ, ಹೊರಗೋಡೆ, ಬಾಲ್ಕನಿ, ತೆರೆದ ತಾರಸಿ ಸೇರುವುದಿಲ್ಲ. ಉದಾಹರಣೆಗೆ, ಚದರಡಿಗೆ 6,500 ರೂಪಾಯಿಯಂತೆ 1,250 ಚದರಡಿಯ ಫ್ಲ್ಯಾಟಿಗೆ 81,25,000 ರೂಪಾಯಿ ಎಂದಿಟ್ಟುಕೊಳ್ಳೋಣ. ಅದರ ಕಾರ್ಪೆಟ್ ಏರಿಯಾ 900 ಚದರಡಿಯಾಗಿದ್ದರೆ ನಾವು ನಿಜವಾಗಿ ಕೊಡುತ್ತಿರುವುದು ಚದರಡಿಗೆ ಸುಮಾರು 9,028 ರೂಪಾಯಿ. ಎರಡು ಸಮುಚ್ಚಯಗಳನ್ನು ಹೋಲಿಸುವಾಗ ಈ ಎರಡನೆಯ ಅಂಕಿಯನ್ನೇ ಹೋಲಿಸಬೇಕು.

ಇದರ ಮೇಲೆ, ನಿರ್ಮಾಣ ಹಂತದ ಮನೆಗೆ ಶೇ. 5ರಷ್ಟು ಜಿಎಸ್‌ಟಿ ಬೀಳುತ್ತದೆ. ಈ ಲೆಕ್ಕದಲ್ಲಿ ಅದು 4,06,250 ರೂಪಾಯಿ. ಬೆಂಗಳೂರಿನಂಥ ಮಹಾನಗರದಲ್ಲಿ ಬೆಲೆ 45 ಲಕ್ಷದೊಳಗೆ, ಕಾರ್ಪೆಟ್ ಏರಿಯಾ 60 ಚದರ ಮೀಟರಿನೊಳಗೆ ಇದ್ದರೆ ಮಾತ್ರ ಅದು ಶೇ. 1ಕ್ಕೆ ಇಳಿಯುತ್ತದೆ. ನೋಂದಣಿಯ ಹೊತ್ತಿಗೆ ಶೇ. 5 ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, ಜೊತೆಗೆ 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿ ನಗರ ಪ್ರದೇಶದಲ್ಲಿ ಶೇ. 7.6 ಆಗುತ್ತದೆ, ಅಂದರೆ ಮತ್ತೆ 6,17,500 ರೂಪಾಯಿ. ಹೀಗೆ 81 ಲಕ್ಷದ ಮನೆ 91 ಲಕ್ಷ ದಾಟುತ್ತದೆ. ಕಾರ್ ಪಾರ್ಕಿಂಗ್, ವಿದ್ಯುತ್ ಮತ್ತು ನೀರಿನ ಠೇವಣಿ, ಮುಂದಿನ ದೊಡ್ಡ ದುರಸ್ತಿಗಳಿಗೆಂದು ಕೂಡಿಡುವ ಕಾರ್ಪಸ್ ನಿಧಿ, ಒಂದೆರಡು ವರ್ಷದ ಮುಂಗಡ ನಿರ್ವಹಣಾ ವೆಚ್ಚ, ಒಳಗಿನ ಮರಗೆಲಸ ಇನ್ನೂ ಇದರಲ್ಲಿ ಸೇರಿಲ್ಲ. ಬ್ಯಾಂಕು ಇವುಗಳಲ್ಲಿ ಅನೇಕಕ್ಕೆ ಸಾಲ ಕೊಡುವುದಿಲ್ಲವಾದ್ದರಿಂದ ಕೈಯಲ್ಲಿರುವ ಉಳಿತಾಯದಿಂದಲೇ ಹೊಂದಿಸಬೇಕು. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಪ್ರತಿ ಕಂತಿನಲ್ಲೂ ಶೇ. 1ರಷ್ಟನ್ನು ಟಿಡಿಎಸ್ (ಮಾರುವವರಿಗೆ ಕೊಡುವ ಹಣದಿಂದ ಮೊದಲೇ ಕಡಿಯುವ ತೆರಿಗೆ) ಆಗಿ ಹಿಡಿದು ತೆರಿಗೆ ಇಲಾಖೆಗೆ ಕಟ್ಟುವ ಹೊಣೆಯೂ ಕೊಳ್ಳುವವರದೇ.

ಕಾಮಗಾರಿ ಮುಗಿದು ಪ್ರಮಾಣಪತ್ರ ಬಂದ ಮೇಲೆ ಮಾರುವ ಮನೆಗೆ ಜಿಎಸ್‌ಟಿ ಇಲ್ಲ. ಆದ್ದರಿಂದ ಆರಂಭದ ದರ ಕಡಿಮೆ ಎಂದು ಹೇಳುವಾಗ, ಆ ಉಳಿತಾಯದಿಂದ ಜಿಎಸ್‌ಟಿಯನ್ನೂ, ಮನೆ ಕೈಗೆ ಬರುವವರೆಗೆ ಕಟ್ಟುವ ಬಾಡಿಗೆಯನ್ನೂ, ಸಾಲದ ಬಡ್ಡಿಯನ್ನೂ ಕಳೆದು ನೋಡಬೇಕು. ತಿಂಗಳಿಗೆ 25,000 ರೂಪಾಯಿ ಬಾಡಿಗೆಯಲ್ಲಿರುವವರಿಗೆ ಒಂದು ವರ್ಷದ ವಿಳಂಬವೆಂದರೆ ಬಾಡಿಗೆಯೊಂದೇ 3 ಲಕ್ಷ ರೂಪಾಯಿ. ಮನೆ ಕೊಡುವವರೆಗೆ ಕಂತನ್ನು ಬಿಲ್ಡರೇ ಕಟ್ಟುತ್ತಾರೆ ಎಂಬ ಯೋಜನೆಗಳಿಂದ ದೂರವಿರುವುದು ಮೇಲು. ಬಿಲ್ಡರ್ ಕಟ್ಟುವುದನ್ನು ನಿಲ್ಲಿಸಿದ ದಿನ ಬ್ಯಾಂಕು ಕೇಳುವುದು ಸಾಲದ ಪತ್ರಕ್ಕೆ ಸಹಿ ಹಾಕಿದ ನಮ್ಮನ್ನೇ.

ನೀರು ಮತ್ತು ನೆಲ

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಈ ವಿಷಯಕ್ಕೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಹೊರವಲಯದ ದೊಡ್ಡ ದೊಡ್ಡ ಸಮುಚ್ಚಯಗಳು ಟ್ಯಾಂಕರ್ ನೀರಿಗಾಗಿ ಪರದಾಡಿದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ನಗರಕ್ಕೆ ಸೇರಿಸಿಕೊಂಡ ಹೊರವಲಯದ 110 ಹಳ್ಳಿಗಳಿಗೆಂದು ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತ ಚಾಲನೆಗೊಂಡಿತು. ಆದರೆ ಹಂತ ಚಾಲನೆಗೊಳ್ಳುವುದೇ ಬೇರೆ, ನಮ್ಮ ನೆಲತೊಟ್ಟಿಗೆ ನೀರು ಬೀಳುವುದೇ ಬೇರೆ. ಮುಖ್ಯ ಕೊಳವೆ ಹತ್ತಿರದ ಯಾವ ರಸ್ತೆಯವರೆಗೆ ಬಂದಿದೆ, ಸಮುಚ್ಚಯಕ್ಕೆ ಸಂಪರ್ಕ ಮಂಜೂರಾಗಿದೆಯೇ, ಅದರ ಶುಲ್ಕ ಬೆಲೆಯಲ್ಲಿ ಸೇರಿದೆಯೇ ಎಂದು ಲಿಖಿತವಾಗಿ ಕೇಳಬೇಕು.

ಮಾರಾಟದ ಕಚೇರಿಯಲ್ಲಿ ಸಿಗದ ಉತ್ತರ ಪಕ್ಕದ ಸಮುಚ್ಚಯದ ಗೇಟಿನಲ್ಲಿ ಸಿಗುತ್ತದೆ. ತಂಗಿಯ ಮನೆಯವರು ಫ್ಲ್ಯಾಟ್ ನೋಡುತ್ತಿದ್ದಾಗ ನಾನು ಒಂದು ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ ಎದುರಿನ, ಜನ ವಾಸವಾಗಿದ್ದ ಸಮುಚ್ಚಯದ ಗೇಟಿನ ಬಳಿ ನಿಂತಿದ್ದೆ. ಆ ಒಂದೂವರೆ ಗಂಟೆಯಲ್ಲಿ ಒಂಬತ್ತು ಟ್ಯಾಂಕರ್ ಒಳಗೆ ಹೋದವು. ಗೇಟಿನಲ್ಲಿದ್ದ ಸೆಕ್ಯುರಿಟಿಯವರು ಪ್ರತಿ ಟ್ಯಾಂಕರಿನ ನಂಬರನ್ನು ಬರೆದಿಡುತ್ತಿದ್ದ ರಿಜಿಸ್ಟರನ್ನು ತಾವೇ ತೋರಿಸಿ, ಯುಗಾದಿ ಕಳೆದ ಮೇಲೆ ಇದು ಎರಡರಷ್ಟಾಗುತ್ತದೆ ಸಾರ್ ಎಂದರು. ಬ್ರೋಷರಿನ ಯಾವ ಪುಟದಲ್ಲೂ ಈ ಮಾಹಿತಿ ಇರಲಿಲ್ಲ.

ನೀರಿನ ಕೊರತೆಯಷ್ಟೇ ಅದರ ಹೆಚ್ಚಳವೂ ಅಪಾಯಕಾರಿ. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರ್ ಮತ್ತು ದೋಣಿಗಳಲ್ಲಿ ಹೊರತರಬೇಕಾಯಿತು. ಕೆರೆಯಿಂದ ಕೆರೆಗೆ ನೀರು ಹರಿಯುವ ರಾಜಕಾಲುವೆಯ ದಾರಿಯಲ್ಲೋ, ಅದರ ತಗ್ಗಿನಲ್ಲೋ ಕಟ್ಟಡ ಎದ್ದಿದ್ದರೆ ಎಷ್ಟು ಒಳ್ಳೆಯ ಬಿಲ್ಡರ್ ಆದರೂ ಮಳೆಯನ್ನು ತಡೆಯಲಾರ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಆ ಜಾಗದಲ್ಲಿ ನಿಂತರೆ ಸರ್ವೆ ನಂಬರು ತಿಳಿಯುತ್ತದೆ. ಖರಾಬು (ಸಾಗುವಳಿಗೆ ಬಾರದ ಜಮೀನು), ಕೆರೆ, ಹಳ್ಳಗಳು ಎಲ್ಲಿವೆ ಎಂದು ನಕಾಶೆಯಲ್ಲಿ ಕಾಣುತ್ತದೆ. ಆಮೇಲೆ ಜೋರು ಮಳೆ ಬಂದ ಮರುದಿನ ಒಮ್ಮೆ ಹೋಗಿ ಬನ್ನಿ. ಹಳ್ಳಿಯ ಹಿರಿಯರನ್ನು, ಈ ಹೊಲದಲ್ಲಿ ಮೊದಲು ಏನು ಬೆಳೆಯುತ್ತಿದ್ದಿರಿ ಎಂದು ಕೇಳಿ. ಭತ್ತ ಬೆಳೆಯುತ್ತಿದ್ದೆವು ಎಂದರೆ ಅದು ತಗ್ಗಿನ ಗದ್ದೆ. ರಾಗಿ, ಹುರುಳಿ ಎಂದರೆ ಎತ್ತರದ ಹೊಲ ಎಂದು ತಕ್ಕಮಟ್ಟಿಗೆ ಊಹಿಸಬಹುದು.

ಕಾಗದಪತ್ರ

ಐನೂರು ಚದರ ಮೀಟರಿಗಿಂತ ದೊಡ್ಡ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟುಗಳ ಯೋಜನೆಯನ್ನು ರೇರಾ ಪ್ರಾಧಿಕಾರದಲ್ಲಿ ನೋಂದಾಯಿಸದೆ ಜಾಹೀರಾತನ್ನೂ ಕೊಡುವಂತಿಲ್ಲ. ಕರ್ನಾಟಕ ರೇರಾ ಜಾಲತಾಣದಲ್ಲಿ ನೋಂದಣಿ ಸಂಖ್ಯೆಯನ್ನು ಹಾಕಿದರೆ ಮಂಜೂರಾದ ನಕ್ಷೆ, ಮುಗಿಸಬೇಕಾದ ದಿನಾಂಕ, ತ್ರೈಮಾಸಿಕ ಪ್ರಗತಿ ಎಲ್ಲವೂ ಸಿಗುತ್ತವೆ. ಮಾರಾಟದವರು ಬಾಯಲ್ಲಿ ಹೇಳುವ ದಿನಾಂಕಕ್ಕೂ ಅಲ್ಲಿರುವ ದಿನಾಂಕಕ್ಕೂ ವರ್ಷದ ಅಂತರವಿದ್ದರೆ ಅಲ್ಲಿರುವುದನ್ನೇ ನಂಬಿ. ಅದೇ ಬಿಲ್ಡರ್ ಹಿಂದೆ ಕಟ್ಟಿದ ಯೋಜನೆಗಳನ್ನು, ಅವುಗಳ ಮೇಲಿನ ದೂರುಗಳನ್ನು ಅಲ್ಲೇ ಹುಡುಕಿ, ಒಂದು ಸಂಜೆ ಹೋಗಿ ಅಲ್ಲಿನ ನಿವಾಸಿಗಳೊಡನೆ ಮಾತಾಡಿ.

ಜಮೀನಿನ ಕಾಗದಗಳನ್ನು ಬ್ಯಾಂಕು ನೋಡುತ್ತದೆ ಎಂದು ಸುಮ್ಮನಿರದೆ, ನಿಮ್ಮದೇ ವಕೀಲರಿಂದ ಪರಿಶೀಲನೆ ಮಾಡಿಸಬೇಕು. ಮೂಲ ಕ್ರಯಪತ್ರಗಳ ಸರಣಿ, ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆಯ ದಾಖಲೆ), ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ತೆಗೆಸಿದ ಇ.ಸಿ. (ಋಣಭಾರ ಪ್ರಮಾಣಪತ್ರ), ಕೃಷಿ ಜಮೀನಾಗಿದ್ದರೆ ಭೂಪರಿವರ್ತನೆಯ ಆದೇಶ, ಇ-ಖಾತಾ ಇವು ಮುಖ್ಯ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದ ಮಾರಾಟವೇ ಅಸಿಂಧುವಾಗಬಹುದು. ಭೂಮಾಲೀಕರೊಡನೆ ಜಂಟಿ ಅಭಿವೃದ್ಧಿ ಒಪ್ಪಂದ ಇದ್ದರೆ, ನೀವು ಕೊಳ್ಳುವ ಫ್ಲ್ಯಾಟು ಬಿಲ್ಡರ್ ಪಾಲಿನದೋ ಮಾಲೀಕರ ಪಾಲಿನದೋ ಎಂದು ಖಚಿತಪಡಿಸಿಕೊಳ್ಳಿ. ಸಮುಚ್ಚಯದ ಒಟ್ಟು ಜಮೀನಿನಲ್ಲಿ ನಿಮ್ಮ ಹೆಸರಿಗೆ ಬರುವ ಅವಿಭಜಿತ ಭೂಮಿಯ ಪಾಲು ಎಷ್ಟು ಚದರಡಿ ಎಂಬುದು ಕ್ರಯಪತ್ರದಲ್ಲಿ ಅಂಕಿಯಲ್ಲೇ ಇರಬೇಕು. ಮೂವತ್ತು ವರ್ಷದ ನಂತರ ಕಟ್ಟಡ ಹಳೆಯದಾದಾಗ ಬೆಲೆ ಉಳಿಯುವುದು ಆ ಪಾಲಿಗೆ.

ಮುಂಗಡದ ವಿಷಯದಲ್ಲಿ ರೇರಾ ಕಾಯ್ದೆ ಸ್ಪಷ್ಟವಾಗಿದೆ: ಕರಾರುಪತ್ರ ನೋಂದಣಿಯಾಗುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣವನ್ನು ಬಿಲ್ಡರ್ ಪಡೆಯುವಂತಿಲ್ಲ. ಕೊಳ್ಳುವವರಿಂದ ಬಂದ ಹಣದ ಶೇ. 70ನ್ನು ಆ ಯೋಜನೆಯ ಜಮೀನು ಮತ್ತು ಕಾಮಗಾರಿಗೆಂದೇ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ, ಹಿಂದೆ ಸರಿದು ಹಣವನ್ನು ಬಡ್ಡಿಸಹಿತ ಪಡೆಯುವ, ಇಲ್ಲವೇ ಉಳಿದುಕೊಂಡು ವಿಳಂಬದ ಪ್ರತಿ ತಿಂಗಳಿಗೂ ಬಡ್ಡಿ ಕೇಳುವ ಹಕ್ಕಿದೆ. ಹಳೆಯ ಮನೆ ಕೊಳ್ಳುವವರಿಗೆ ಇಲ್ಲದ ರಕ್ಷಣೆ ಇದು, ಹೊಸ ಮನೆಯ ಪರವಾಗಿ ನಿಲ್ಲುವ ಗಟ್ಟಿ ಅಂಶ. ಆದರೆ ರೇರಾ ಆದೇಶ ಬಂದ ಮೇಲೂ ಬಿಲ್ಡರ್ ಕೊಡದಿದ್ದರೆ ಕಂದಾಯ ಇಲಾಖೆಯ ಮೂಲಕ ವಸೂಲಿಗೆ ಹೋಗಬೇಕಾಗುತ್ತದೆ, ಅದು ದೀರ್ಘ ಕಾಲ ಹಿಡಿಯುತ್ತದೆ. ಹಾಗಾಗಿ ಹಕ್ಕು ಇದೆ ಎಂಬ ಧೈರ್ಯದ ಮೇಲೆ ದುರ್ಬಲ ಬಿಲ್ಡರನ್ನು ಆರಿಸಿಕೊಳ್ಳಬಾರದು. ಜಾಹೀರಾತು, ಬ್ರೋಷರು, ವಾಟ್ಸ್‌ಆ್ಯಪ್ ಸಂದೇಶಗಳನ್ನೆಲ್ಲ ಜೋಪಾನವಾಗಿ ಇಟ್ಟುಕೊಳ್ಳಿ. ಸುಳ್ಳು ಜಾಹೀರಾತನ್ನು ನಂಬಿ ನಷ್ಟಪಟ್ಟವರಿಗೆ ಪರಿಹಾರ ಕೇಳಲು ಕಾಯ್ದೆಯಲ್ಲಿ ಅವಕಾಶವಿದೆ.

ಯಾರಿಗೆ ಹೊಂದುತ್ತದೆ

ಹೊಸ ಸಮುಚ್ಚಯದ ಅನುಕೂಲಗಳನ್ನು ನಾನು ಕಡೆಗಣಿಸುವುದಿಲ್ಲ. ಮಹಡಿ, ದಿಕ್ಕು ಆರಿಸಿಕೊಳ್ಳಬಹುದು. ಹಣವನ್ನು ಹಂತಹಂತವಾಗಿ ಕಟ್ಟಬಹುದು. ಪೈಪು, ವೈರಿಂಗು ಹೊಸದು. ಒಂದೇ ಹೊತ್ತಿಗೆ ಸೇರಿದ ಕುಟುಂಬಗಳ ಮಕ್ಕಳು ಜೊತೆಯಲ್ಲಿ ಬೆಳೆಯುತ್ತಾರೆ. ಕೆಲಸ ಖಾಯಂ ಇದ್ದು, ಈಗಿರುವ ಬಾಡಿಗೆ ಮನೆಯಲ್ಲಿ ಇನ್ನೂ ಮೂರ್ನಾಲ್ಕು ವರ್ಷ ನೆಮ್ಮದಿಯಾಗಿ ಇರಬಲ್ಲವರು ನಿರ್ಮಾಣ ಹಂತದಲ್ಲೇ ಕೊಳ್ಳಬಹುದು. ಮಗು ಮುಂದಿನ ಜೂನ್‌ಗೆ ಶಾಲೆ ಸೇರಬೇಕು, ಅಥವಾ ವಯಸ್ಸಾದ ತಂದೆತಾಯಿ ಜೊತೆಗಿದ್ದಾರೆ ಎನ್ನುವವರು ಸ್ವಾಧೀನಾನುಭವ ಪತ್ರ, ಅಂದರೆ ಓಸಿ ಬಂದಿರುವ ಮನೆಯನ್ನೇ ನೋಡುವುದು ಒಳ್ಳೆಯದು. ಎರಡು ವರ್ಷದಲ್ಲಿ ಮಾರಿ ಲಾಭ ಮಾಡುತ್ತೇನೆ ಎನ್ನುವವರು, ಅದೇ ಬಿಲ್ಡರ್ ಮಾರದೆ ಉಳಿಸಿಕೊಂಡ ಫ್ಲ್ಯಾಟುಗಳೇ ತಮಗೆ ಪೈಪೋಟಿ ಎಂಬುದನ್ನು ನೆನಪಿಡಬೇಕು.

ಮಾಡೆಲ್ ಫ್ಲ್ಯಾಟಿಗೆ ಹೋಗುವಾಗ ಟೇಪು ಒಯ್ಯಿರಿ. ತಂಗಿಗೆಂದು ನೋಡಿದ ಒಂದು ಕಡೆ ನಾವು ಮಂಚವನ್ನು ಅಳೆದಾಗ ಅದು ಐದೂವರೆ ಅಡಿಯಷ್ಟೇ ಉದ್ದವಿತ್ತು. ಒಳಗಿನ ಬಾಗಿಲುಗಳನ್ನು ಕೂರಿಸಿರಲೇ ಇಲ್ಲ. ಮಂಚ, ಬೀರು, ಬಾಗಿಲು ತೆರೆಯುವ ಜಾಗ ಎಲ್ಲವನ್ನೂ ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಬರೆದು ನೋಡಿದಾಗ ಎರಡನೇ ಕೋಣೆಯಲ್ಲಿ ಓಡಾಡಲು ಒಂದು ಅಡಿ ಜಾಗ ಉಳಿಯಿತು.

ಕೀಲಿಕೈ ಕೊಡುವ ದಿನ ಗಡಿಬಿಡಿ ಮಾಡಬೇಡಿ. ಓಸಿ ಬಂದಿದೆಯೇ ಎಂದು ಮೊದಲು ಕೇಳಿ. ಅದಿಲ್ಲದೆ ಗೃಹಪ್ರವೇಶ ಮುಗಿಸಿ ಒಳಗೆ ಸೇರಿದರೆ ಕಾಯಂ ವಿದ್ಯುತ್, ನೀರಿನ ಸಂಪರ್ಕಕ್ಕೂ ತೊಂದರೆಯಾಗುತ್ತದೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಇಂಥ ಪ್ರಮಾಣಪತ್ರ ನೋಡಿಯೇ ಸಂಪರ್ಕ ಕೊಡಬೇಕು ಎಂದು ನಿರ್ದೇಶಿಸಿದೆ. ಆಮೇಲೆ ಒಂದು ಬಕೆಟ್ ಹಿಡಿದು ಪ್ರತಿ ಬಚ್ಚಲಿನಲ್ಲೂ ಬಾಲ್ಕನಿಯಲ್ಲೂ ನೀರು ಸುರಿದು, ಹದಿನೈದು ನಿಮಿಷ ಕಾದು, ನೀರು ಎಲ್ಲಿ ನಿಂತಿದೆ, ಕೆಳಗಿನ ಮನೆಯ ಸೂರಿನಲ್ಲಿ ಎಲ್ಲಿ ತೇವ ಕಾಣುತ್ತಿದೆ ಎಂದು ನೋಡಿ. ಕಂಡ ದೋಷಗಳನ್ನೆಲ್ಲ ಫೋಟೊಸಹಿತ, ದಿನಾಂಕ ಹಾಕಿ, ಇ-ಮೇಲ್ ಮೂಲಕ ಬಿಲ್ಡರ್‌ಗೆ ಕಳಿಸಿ. ಕಟ್ಟಡದ ರಚನೆಯ ಮತ್ತು ಕೆಲಸದ ಗುಣಮಟ್ಟದ ದೋಷಗಳನ್ನು ಐದು ವರ್ಷದವರೆಗೆ ಸ್ವಂತ ಖರ್ಚಿನಲ್ಲಿ ಸರಿಪಡಿಸುವುದು ಅವರ ಹೊಣೆ, ಆ ಐದು ವರ್ಷದ ಲೆಕ್ಕ ಶುರುವಾಗುವುದು ಮನೆ ನಿಮ್ಮ ಸ್ವಾಧೀನಕ್ಕೆ ಬಂದ ಆ ದಿನದಿಂದಲೇ.