ಸ್ತಾನಿಸ್ವಾಫ್ ನಮ್ಮನೆಯ ತಾಸು ಆದದ್ದು

ಪೋಲೆಂಡಿನಲ್ಲಿ ಮಗು ಹುಟ್ಟಿದರೆ, ಆಸ್ಪತ್ರೆಯವರು ಜನನದ ಕಾರ್ಡು ಹೊರಡಿಸಿದ 21 ದಿನದೊಳಗೆ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಬೇಕು. ಹನ್ನೆರಡನೇ ದಿನಕ್ಕೇ ತೊಟ್ಟಿಲಿಗೆ ಹಾಕಿ ಹೆಸರಿಡುವ ಧಾರವಾಡದ ಕಡೆಯವನು ನಾನು, ಇದೇನು ಮಹಾ ಅಂದುಕೊಂಡಿದ್ದೆ. ಹೆಂಡತಿ ಕ್ರಾಕುವ್‌ನವಳು. ಹೆಸರು ಹೆಚ್ಚೆಂದರೆ ಎರಡು ಇರಬಹುದು, ಮುದ್ದಿನ ಹೆಸರು ದಾಖಲೆಗೆ ನಡೆಯುವುದಿಲ್ಲ ಎಂದು ಅವಳು ಮೊದಲೇ ಹೇಳಿದ್ದಳು.

ನಾನು ಸೂರ್ಯ, ಆದಿತ್ಯ, ಚೈತನ್ಯ ಎಂದು ಪಟ್ಟಿ ಬರೆದುಕೊಟ್ಟೆ. ನೋಡಿದವಳೇ, "ಇವೆಲ್ಲ ಹೆಣ್ಣುಮಕ್ಕಳ ಹೆಸರಲ್ಲವಾ?" ಅಂದಳು. ಪೋಲಿಷ್‌ನಲ್ಲಿ ಹೆಣ್ಣಿನ ಹೆಸರು ಸಾಮಾನ್ಯವಾಗಿ 'ಆ' ಎಂದು ಮುಗಿಯುತ್ತದೆ. ಬಾರ್ನಾಬಾದಂಥ ಒಂದೆರಡು ಬಿಟ್ಟರೆ ಗಂಡಿನ ಹೆಸರು ಹಾಗೆ ಮುಗಿಯುವುದಿಲ್ಲ. ನಮ್ಮ ಆದಿತ್ಯನನ್ನು ರೋಮನ್ ಅಕ್ಷರದಲ್ಲಿ ಬರೆದರೆ ಇಲ್ಲಿ ಅವನು ಹುಡುಗಿಯೇ. ಪಟ್ಟಿ ಅಲ್ಲಿಗೇ ಹರಿಯಿತು.

ಸರಿ, ನಿಮ್ಮ ಹೆಸರುಗಳ ಅರ್ಥವನ್ನಾದರೂ ಹೇಳು ಅಂದೆ. ಅವಳಿಗೆ ಅರ್ಧಕ್ಕರ್ಧ ಗೊತ್ತಿರಲಿಲ್ಲ. ಹಾಗಾಗಿ ನಾನೇ ಪೆನ್ನು ಹಿಡಿದು ಕೂತೆ. ಹಳೆಯ ಸ್ಲಾವಿಕ್ (ಪೋಲಿಷ್, ಸೆರ್ಬಿಯನ್ ಎಲ್ಲ ಸೇರುವ ಭಾಷಾ ಕುಟುಂಬ) ಹೆಸರುಗಳು ಬಹುಪಾಲು ನಮ್ಮ ಸಮಾಸಗಳ ಹಾಗೇ ಎರಡು ತುಂಡು. ಬಾಲದಲ್ಲಿ 'ಸ್ವಾಫ್' ಇದ್ದರೆ ಕೀರ್ತಿ, 'ಮಿರ್' ಅಥವಾ 'ಮ್ಯೆಷ್' ಇದ್ದರೆ ಶಾಂತಿ. ತಲೆ ಬದಲಾಯಿಸುತ್ತ ಹೋದರೆ ಹೆಸರು ಬೆಳೆಯುತ್ತ ಹೋಗುತ್ತದೆ: ವ್ವಾದಿಸ್ವಾಫ್ ಅಂದರೆ ಆಳ್ವಿಕೆ, ಕೀರ್ತಿ, ಬ್ರೊನಿಸ್ವಾಫ್ ಅಂದರೆ ಕಾಪಾಡುವುದು, ಕೀರ್ತಿ. ಮಿರೊಸ್ವಾಫ್‌ನನ್ನು ತಿರುಗಿಸಿಟ್ಟರೆ ಸ್ವಾವೊಮಿರ್! ಬಾಲ ಬೇರೆಯಿದ್ದವೂ ಉಂಟು. ಜ್ಬಿಗ್ನ್ಯೆಫ್ ಅಂದರೆ ಸಿಟ್ಟನ್ನು ಕಳೆಯುವವನು. ಅದನ್ನಿಟ್ಟರೆ ಮನೆಯಲ್ಲಿ ಎಲ್ಲರಿಗೂ ಒಳ್ಳೆಯದು ಅಂದೆ. "ಪಿಂಚಣಿ ತಗೊಳ್ಳೋ ಮಾಮನ ಹೆಸರದು" ಎಂದು ಅವಳು ತಳ್ಳಿಹಾಕಿದಳು.

ಕಾಜಿಮ್ಯೆಷ್ ಹತ್ತಿರ ನಾನು ಬಹಳ ಹೊತ್ತು ನಿಂತೆ. 1333ರಿಂದ 1370ರವರೆಗೆ ಆಳಿದ ಮೂರನೇ ಕಾಜಿಮ್ಯೆಷ್‌ಗೆ ಪೋಲೆಂಡಿನವರು 'ಮಹಾನ್' ಎಂಬ ಬಿರುದು ಕೊಟ್ಟಿದ್ದಾರೆ. ಕ್ರಾಕುವ್ ವಿಶ್ವವಿದ್ಯಾಲಯವನ್ನು 1364ರಲ್ಲಿ ಸ್ಥಾಪಿಸಿದವನೂ ಅವನೇ. ಆದರೆ ಹೆಸರು ಬಿಡಿಸಿದರೆ, ಒಂದು ಅರ್ಥದಲ್ಲಿ, 'ಶಾಂತಿ ಕೆಡಿಸುವವನು'. ಶಾಂತಿಯನ್ನು ಸಾರುವವನು ಎನ್ನುವವರೂ ಇದ್ದಾರೆ. ರಾತ್ರಿ ಮೂರಕ್ಕೆ ಎದ್ದು ಅಳುವ ಕೂಸನ್ನು ಎತ್ತಿಕೊಂಡಿದ್ದ ನನಗೆ ಮೊದಲನೆಯದೇ ಸರಿ ಅನಿಸಿತು.

ನನ್ನ ಮನಸ್ಸಿಗೆ ಹಿಡಿಸಿದ್ದು ಬೊಗ್ದಾನ್. ಬೊಗ್ ಅಂದರೆ ದೇವರು, ನಮ್ಮ ಭಗವಂತನ 'ಭಗ'ಕ್ಕೆ ನಂಟು. ದಾನ್ ಅಂದರೆ ಕೊಟ್ಟದ್ದು. ಅಪ್ಪಟ ದೇವದತ್ತ! ಖುಷಿಯಲ್ಲಿ ಅವ್ವನಿಗೆ ಫೋನ್ ಮಾಡಿದೆ.

"ಏನಂದಿ? ಬೊಗಳತಾನ?"

"ಬೊಗ್ದಾನ್, ಅವ್ವಾ. ದೇವರು ಕೊಟ್ಟಾನಂತ ಅರ್ಥ."

"ದೇವರು ಕೊಟ್ಟ ಕೂಸಿಗೆ ನಾಯಿ ಬೊಗಳಿದಂಗ ಹೆಸರು ಇಡತೀ ಏನೋ?"

ಬೊಗ್ದಾನ್ ಹೋದ.

ಅವ್ವನಿಗೆ ಇಂಥದ್ದೇನೂ ಹೊಸತಲ್ಲ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣ ಎಂದು ಕರೆದದ್ದನ್ನು ಕಂಡವಳು. ಸೆರ್ಬಿಯಾದಲ್ಲಿ ಅದೇ ಭಯಕ್ಕೆ ವುಕ್, ಅಂದರೆ ತೋಳ, ಎಂದು ಹೆಸರಿಡುತ್ತಿದ್ದರು. ಮಾಟಗಾತಿ ತೋಳದ ತಂಟೆಗೆ ಬರುವುದಿಲ್ಲ ಎಂಬ ನಂಬಿಕೆ. 1787ರಲ್ಲಿ ಹುಟ್ಟಿದ, ಸೆರ್ಬಿಯನ್ ನಿಘಂಟು ಬರೆದ ವುಕ್ ಕರಾಜಿಚ್‌ಗೆ ಆ ಹೆಸರು ಬಂದದ್ದು ಹಾಗೆಯೇ.

ಕೊನೆಗೆ ಹೆಂಡತಿ ತನ್ನ ಅಜ್ಜನ ಹೆಸರು ತೆಗೆದಳು: ಸ್ತಾನಿಸ್ವಾಫ್. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮಲ್ಲೂ ಇದ್ದದ್ದೇ, ಅದಕ್ಕೆ ವಾದ ಮಾಡಲಿಲ್ಲ. 1079ರಲ್ಲಿ ರಾಜನ ಕೋಪಕ್ಕೆ ಬಲಿಯಾದ ಕ್ರಾಕುವ್‌ನ ಬಿಷಪ್ಪನ ಹೆಸರದು, ಮೇ 8 ಅವನ ದಿನ. ಹೆಸರು ಬಿಡಿಸಿದೆ. 'ಸ್ತಾನ್' ಎಂದರೆ ನಿಲ್ಲುವುದು, ಆಗುವುದು; ನಮ್ಮ 'ಸ್ಥಾನ'ದ ಧಾತುವೇ. 'ಸ್ವಾಫ್' ಎಂಬ ಕೀರ್ತಿ ಸಂಸ್ಕೃತದ 'ಶ್ರವಸ್'ಗೆ ದಾಯಾದಿ. (ಪೋಲಿಷ್ ಸಂಸ್ಕೃತದಿಂದಲೇ ಹುಟ್ಟಿತು ಎಂಬ ವಾಟ್ಸಾಪ್ ಸಂದೇಶ ದಯವಿಟ್ಟು ನನಗೆ ಕಳಿಸಬೇಡಿ. ಎರಡೂ ಒಂದೇ ಮುತ್ತಜ್ಜಿಯ ಬೇರೆ ಬೇರೆ ಕವಲು, ಅಷ್ಟೇ.) ಎರಡನೇ ಹೆಸರು ತಾನಾಗಿ ಬಂತು: ಶ್ರವಣ್. ಅದೇ ಬೇರು, ಮೇಲಾಗಿ 'ಆ' ಎಂದು ಮುಗಿಯುವುದಿಲ್ಲ.

ಕಚೇರಿಯಲ್ಲಿ ಹತ್ತು ನಿಮಿಷದ ಕೆಲಸ. ಪೋಲಿಷ್‌ನಲ್ಲಿ 'ಶ' ಬರೆಯಲು ಎಸ್ ಪಕ್ಕ ಜೆಡ್ ಬೇಕು, ಹಾಗೆ ಬರೆಯಲೇ ಎಂದು ಗುಮಾಸ್ತೆ ಕೇಳಿದಳು. ಬೇಡ, ಎಚ್ ಇರಲಿ ಅಂದೆ.

ಮನೆಯಲ್ಲಿ ಅವನು ಸ್ತಾಶ್. ಪೋಲಿಷ್‌ನಲ್ಲಿ ಕರೆಯುವಾಗ ನಮ್ಮ ಸಂಬೋಧನೆಯಂತೆ ಹೆಸರಿನ ಕೊನೆ ಬದಲಾಗುತ್ತದೆ, "ಸ್ತಾಶೂ!" ಎಂದು. ವಿಡಿಯೋ ಕಾಲಿನಲ್ಲಿ ಬೀಗತಿ ಹಾಗೆ ಕೂಗುವುದನ್ನು ಕೇಳಿದ ಅವ್ವ, "ತಾಸು ಅಂತಾಳಲ್ಲ ಆಕಿ?" ಅಂದಳು. ಗಂಟೆಗೆ ತಾಸು ಅನ್ನುವ ಊರಿನವಳು. ಅಂದಿನಿಂದ ಫೋನಿನಲ್ಲಿ ಒಂದೇ ಪ್ರಶ್ನೆ: "ನಮ್ಮ ತಾಸ್ಯಾ ಉಂಡನೇನೋ?"