ಗೆರೆಗಳೆಲ್ಲ ನನ್ನ ಮೇಜಿಗೇ ಬಂದಿದ್ದವು

ನನ್ನ ತರಗತಿಯಲ್ಲಿ ಚರ್ಚೆ ಚೆನ್ನಾಗಿ ನಡೆಯುತ್ತದೆ ಅಂತ ತುಂಬ ದಿನ ನಂಬಿಕೊಂಡಿದ್ದೆ. ಗದ್ದಲ ಇರುತ್ತಿತ್ತಲ್ಲ, ಅದಕ್ಕೆ! ಒಂದು ದಿನ ಮಕ್ಕಳು ಕೂತ ಜಾಗಗಳನ್ನು ಹಾಳೆಯ ಮೇಲೆ ಗುರುತಿಸಿಕೊಂಡೆ. ಮಾತಾಡಿದವರು ಯಾರನ್ನು ನೋಡಿ ಮಾತಾಡಿದರೋ ಅವರ ಕಡೆಗೆ ಒಂದು ಗೆರೆ. ಪೀರಿಯಡ್ ಮುಗಿದಾಗ ನೋಡಿದರೆ, ಮಾತಾಡಿದ್ದು ಐದೇ ಮಕ್ಕಳು. ಗೆರೆಗಳೆಲ್ಲ ನನ್ನ ಮೇಜಿಗೇ ಬಂದಿದ್ದವು.

ತಪ್ಪು ನನ್ನ ಬಾಯಿಯದೇ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ 1 ಸೆಕೆಂಡ್ ಕೂಡ ಸರಿಯಾಗಿ ಕಾಯುವುದಿಲ್ಲ, 3 ಸೆಕೆಂಡ್ ಕಾದರೆ ಉತ್ತರಗಳು ಉದ್ದವಾಗುತ್ತವೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಓದಿದ್ದೆ, ಮಾಡಿರಲಿಲ್ಲ. ಮನಸ್ಸಲ್ಲೇ ಎಣಿಸುತ್ತಾ ನಿಂತರೆ 3 ಸೆಕೆಂಡ್ ಎಷ್ಟು ಉದ್ದ ಗೊತ್ತಾ? ನಾಲಿಗೆ ತುರಿಸುತ್ತದೆ. ಇನ್ನೊಂದು, 'ಗುಡ್' ಅನ್ನುವುದನ್ನು ಬಿಟ್ಟೆ. ನಾನು ಹಾಗಂದ ತಕ್ಷಣ ಮೇಲಿದ್ದ ಕೈಗಳೆಲ್ಲ ಕೆಳಗಿಳಿಯುತ್ತಿದ್ದವು.

ಮುಂದಿನ ವಾರ ಒಂದೇ ಪ್ರಶ್ನೆ: ಡಬ್ಬಿಯಲ್ಲಿರುವ ಒಣ ಬೀಜಕ್ಕೆ ಜೀವ ಇದೆಯಾ? ಮೊದಲು ಒಂದು ನಿಮಿಷ ಬರೆಯಿರಿ, ಆಮೇಲೆ ಪಕ್ಕದವರ ಜೊತೆ ಮಾತಾಡಿ ಅಂದೆ. ಬರೆದದ್ದು ಕೈಯಲ್ಲಿದ್ದರೆ ಅಂಜುವ ಮಕ್ಕಳಿಗೂ ಧೈರ್ಯ.

"ಉಸಿರಾಡಲ್ಲ, ಬೆಳೆಯಲ್ಲ, ಅದು ಸತ್ತಿದೆ ಮೇಡಂ" ಅಂದ ಒಬ್ಬ. ನಾನು ಸುಮ್ನೆ ನಿಂತೆ. ಕೊನೇ ಬೆಂಚಿನಿಂದ, ವರ್ಷವಿಡೀ ಬಾಯಿ ಬಿಡದ ಹುಡುಗಿ, "ಸತ್ತಿದ್ರೆ ನೀರು ಹಾಕಿದ್ಮೇಲೆ ಹೇಗೋ ಮೊಳಕೆ ಬರುತ್ತೆ?" ಕೇಳಿದ್ದು ನನ್ನನ್ನಲ್ಲ, ಅವನನ್ನು. ಅಷ್ಟರಲ್ಲಿ ಇನ್ಯಾರೋ, "ಹಾಗಾದ್ರೆ ಹುರಿದ ಬೀಜ?" ಅಂದರು. ಒಣ ಬೀಜವೂ ತೀರಾ ನಿಧಾನವಾಗಿ ಉಸಿರಾಡುತ್ತದೆ ಅನ್ನುವುದು ತುಟಿಯವರೆಗೆ ಬಂದಿತ್ತು. ನುಂಗಿಕೊಂಡೆ. ಹುರಿದದ್ದು, ಹುರಿಯದ್ದು ಎರಡನ್ನೂ ಒದ್ದೆ ಬಟ್ಟೆಯಲ್ಲಿಟ್ಟು ನೋಡೋಣ ಅಂತ ಅವರೇ ತೀರ್ಮಾನಿಸಿದರು.

ಎಲ್ಲವೂ ಕೈಹಿಡಿಯಲಿಲ್ಲ. ಪ್ರತಿಯೊಬ್ಬರಿಗೂ ಮೂರು ಚೀಟಿ, ಒಂದು ಮಾತಿಗೆ ಒಂದು ಚೀಟಿ ಅಂತ ಮಾಡಿದ್ದೆ. ವಾಚಾಳಿಗಳು ಐದು ನಿಮಿಷದಲ್ಲಿ ಖಾಲಿ ಮಾಡಿ ಮುಖ ಊದಿಸಿಕೊಂಡರು. ಮೌನಿಗಳು ಬೆಲ್ ಹೊಡೆಯುವವರೆಗೂ ಹಿಡಿದುಕೊಂಡೇ ಕೂತರು. ಬಿಟ್ಟುಬಿಟ್ಟೆ.

ಜಾಸ್ತಿ ಮಾತಾಡುವ ಹುಡುಗನ ಕೈಗೆ ಈಗ ಸೀಮೆಸುಣ್ಣ ಕೊಡುತ್ತೇನೆ. ಬೇರೆಯವರು ಹೇಳಿದ್ದನ್ನು ಬೋರ್ಡ್ ಮೇಲೆ ಬರೆಯುವುದು ಅವನ ಕೆಲಸ. ಬರೆಯಬೇಕಾದರೆ ಕೇಳಿಸಿಕೊಳ್ಳಲೇಬೇಕು, ಅಲ್ವಾ? ಮೊದಲ ದಿನ ಅರ್ಧ ಬೋರ್ಡ್ ತುಂಬಿಸಿ ನನ್ನ ಕಡೆ ತಿರುಗಿ ಕೇಳಿದ: "ಮೇಡಂ, ಇದ್ರಲ್ಲಿ ಇಬ್ಬರು ಹೇಳಿದ್ದು ಒಂದೇ ಅಲ್ವಾ?"

"ಅವರನ್ನೇ ಕೇಳು" ಅಂದೆ.