ಆಗ ದಿರ್ಹಮ್‌ಗೆ ಎಷ್ಟು ರೂಪಾಯಿ ಇತ್ತು? ಹಳೇ ರೇಟ್ ನಾವೇ ಲೆಕ್ಕ ಹಾಕೋದು ಹೀಗೆ

ಭಟ್ಕಳ, ಉಡುಪಿ, ಮಂಗಳೂರು ಕಡೆ ದುಬೈ ದುಡ್ಡು, ಅಂದ್ರೆ ದಿರ್ಹಮ್, ಬರೋ ಮನೆಗಳಲ್ಲಿ "ಇವತ್ತು ರೇಟ್ ಎಷ್ಟಿದೆ" ಅನ್ನೋದು ಮಾಮೂಲು ಮಾತು, ಮೊಬೈಲ್ ತೆಗೆದ್ರೆ ಉತ್ತರ ಅಲ್ಲೇ ಇರತ್ತೆ. ಆದ್ರೆ 1985ರಲ್ಲಿ ಎಷ್ಟಿತ್ತು, ಅಪ್ಪ ಮನೆ ಕಟ್ಟಿಸೋಕೆ ಕಳಿಸಿದ ದುಡ್ಡು ಯಾವ ರೇಟಲ್ಲಿ ಬಂದಿತ್ತು ಅಂದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಇದನ್ನ ಅಂದಾಜಲ್ಲಿ ಹೇಳೋ ಅಗತ್ಯನೇ ಇಲ್ಲ. ಒಂದು ಹಾಳೆ, ಒಂದು ಕ್ಯಾಲ್ಕುಲೇಟರ್ ಇದ್ರೆ ಮನೇಲೇ ಕೂತು ಪಟ್ಟಿ ಮಾಡ್ಕೋಬಹುದು.

ಸ್ಟೆಪ್ 1: ಯಾವ ಕಾಲದ ರೇಟ್ ಬೇಕು ಅಂತ ಮೊದ್ಲು ನೋಡ್ಕೊಳ್ಳಿ

ಇದು ಯಾಕೆ ಮುಖ್ಯ ಅಂದ್ರೆ ದಿರ್ಹಮ್ ಅನ್ನೋ ಕರೆನ್ಸಿ ಬಂದಿದ್ದೇ 1973ರ ಮೇ ತಿಂಗಳಲ್ಲಿ. ಅದಕ್ಕೂ ಮುಂಚೆ, 1966ರವರೆಗೆ ದುಬೈನಲ್ಲಿ ಓಡ್ತಾ ಇದ್ದಿದ್ದು ರೂಪಾಯಿ, ಅದ್ರಲ್ಲೂ ಮೊದಮೊದಲು ನಮ್ಮದೇ ನೋಟು! ಆಗ ಏನಾಗ್ತಿತ್ತು ಅಂದ್ರೆ, ಇಲ್ಲಿಂದ ನೋಟುಗಳನ್ನ ಕದ್ದು ಸಾಗಿಸೋದು, ಅಲ್ಲಿ ಅಗ್ಗದ ಚಿನ್ನ ತಗೊಂಡು ವಾಪಸ್ ಕಳ್ಳಸಾಗಣೆ ಮಾಡೋದು, ಅಲ್ಲಿ ಸೇರಿದ ರೂಪಾಯಿ ನೋಟುಗಳೆಲ್ಲ ಬ್ಯಾಂಕ್ ಮೂಲಕ ರಿಸರ್ವ್ ಬ್ಯಾಂಕಿಗೆ ಬಂದ್ರೆ ಅದಕ್ಕೆ ಭಾರತ ಪೌಂಡ್ ಲೆಕ್ಕದಲ್ಲಿ ದುಡ್ಡು ಕೊಡಬೇಕಾಗೋದು. ವಿದೇಶಿ ವಿನಿಮಯ ಸೋರಿ ಹೋಗ್ತಿದೆ ಅಂತ 1959ರಲ್ಲಿ ಸರ್ಕಾರ ಗಲ್ಫ್‌ಗೇ ಅಂತ ಬೇರೆ ಬಣ್ಣದ, ನಂಬರ್ ಮುಂದೆ ಝಡ್ ಅಕ್ಷರ ಇರೋ ನೋಟು ಮಾಡಿಸ್ತು, ಅದೇ ಗಲ್ಫ್ ರೂಪಾಯಿ. ಬೆಲೆ ಮಾತ್ರ ನಮ್ಮ ರೂಪಾಯಿಗೆ ಸಮ. ಹಾಗಾಗಿ 1966ರ ಜೂನ್‌ವರೆಗೆ ನಿಮ್ಮ ಪಟ್ಟಿಯಲ್ಲಿ ಒಂದಕ್ಕೆ ಒಂದು ಅಂತಲೇ ಬರ್ಕೊಳ್ಳಿ.

1966ರ ಜೂನ್ 6ಕ್ಕೆ ಇಂದಿರಾ ಗಾಂಧಿ ಸರ್ಕಾರ ರೂಪಾಯಿ ಬೆಲೆ ಇಳಿಸ್ತು, ಡಾಲರ್‌ಗೆ 4.76 ಇದ್ದಿದ್ದು 7.50 ಆಯ್ತು. ಗಲ್ಫ್ ರೂಪಾಯಿನೂ ಜೊತೆಗೇ ಬಿತ್ತು. ತಾವೇನೂ ಮಾಡದೆ ಕೈಲಿರೋ ನೋಟಿನ ಬೆಲೆ ಬಿದ್ರೆ ಯಾರು ಸುಮ್ನಿರ್ತಾರೆ, ಅದೇ ವರ್ಷ ದುಬೈ ಮತ್ತು ಕತಾರ್ ಸೇರಿ ರಿಯಾಲ್ ಅಂತ ತಮ್ಮದೇ ಕರೆನ್ಸಿ ತಂದ್ರು. ಒಮಾನ್ ಮಾತ್ರ 1970ರವರೆಗೂ ರೂಪಾಯಿ ಬಿಡಲಿಲ್ಲ. ಇಲ್ಲಿ ಮಜಾ ಇರೋದು ಏನಂದ್ರೆ, ಆ ರಿಯಾಲ್‌ಗೆ ಇಟ್ಟ ಚಿನ್ನದ ಅಳತೆ 1966ಕ್ಕೆ ಮುಂಚಿನ ನಮ್ಮ ರೂಪಾಯಿದೇ. 7.50ನ್ನ 4.76ರಿಂದ ಭಾಗಿಸಿ, ಒಂದು ರಿಯಾಲ್‌ಗೆ ಸುಮಾರು 1.58 ರೂಪಾಯಿ. 1973ರಲ್ಲಿ ದಿರ್ಹಮ್ ಬಂದಿದ್ದು ಈ ರಿಯಾಲ್‌ಗೆ ಸಮವಾಗಿ, ಅಂದ್ರೆ ವಂಶಾವಳಿ ನೋಡಿದ್ರೆ ದಿರ್ಹಮ್ ನಮ್ಮ ಹಳೇ ರೂಪಾಯಿಯ ಮೊಮ್ಮಗ.

ಸ್ಟೆಪ್ 2: ಡಾಲರ್ ರೇಟ್ ಹುಡುಕಿ

ಹಳೇ ಸರ್ಕಾರಿ ಪಟ್ಟಿಗಳಲ್ಲಿ ದಿರ್ಹಮ್ ಹುಡುಕೋಕೆ ಹೋಗಿ ಟೈಮ್ ವೇಸ್ಟ್ ಮಾಡ್ಕೋಬೇಡಿ. ನಮಗೆ ಬೇಕಾಗಿರೋದು ಡಾಲರ್. ರಿಸರ್ವ್ ಬ್ಯಾಂಕ್ ವೆಬ್‌ಸೈಟಲ್ಲಿ ಭಾರತದ ಅರ್ಥವ್ಯವಸ್ಥೆಯ ಅಂಕಿಅಂಶಗಳ ಹ್ಯಾಂಡ್‌ಬುಕ್ ಅಂತ ಫ್ರೀಯಾಗಿ ಸಿಗತ್ತೆ, ಅದರಲ್ಲಿ ವರ್ಷಾವಾರು ಸರಾಸರಿ ಡಾಲರ್ ರೇಟ್ ಇದೆ. ಆ ವರ್ಷ ಅಂದ್ರೆ ಏಪ್ರಿಲ್‌ನಿಂದ ಮಾರ್ಚ್, ಜನವರಿಯಿಂದ ಲೆಕ್ಕ ಹಾಕಿದ್ರೆ ಎಡವಟ್ಟಾಗತ್ತೆ.

ಸ್ಟೆಪ್ 3: ಭಾಗಿಸಿ

ದಿರ್ಹಮ್ ಡಾಲರ್‌ಗೆ ಕಟ್ಟಿ ಹಾಕಿರೋ ಕರೆನ್ಸಿ. 1997ರಿಂದ ಒಂದು ಡಾಲರ್‌ಗೆ 3.6725 ದಿರ್ಹಮ್, ಅಲ್ಲಾಡಿಲ್ಲ. ಅದಕ್ಕೂ ಮುಂಚೆ 1980ರ ಕೊನೆಯಿಂದ 3.671, ಹೆಚ್ಚುಕಮ್ಮಿ ಅದೇ. ಸೋ ಆ ವರ್ಷದ ಡಾಲರ್ ರೇಟನ್ನ 3.67ರಿಂದ ಭಾಗಿಸಿದ್ರೆ ಮುಗೀತು. 1973-80ರ ಮಧ್ಯೆ ಮಾತ್ರ ಈ ಸೂತ್ರ ಸರಿ ಹೋಗಲ್ಲ, ಶುರುವಲ್ಲಿ ಡಾಲರ್‌ಗೆ ಸುಮಾರು 3.95 ದಿರ್ಹಮ್ ಇತ್ತು, ಆಮೇಲೆ ಆಚೀಚೆ ಆಯ್ತು. ಶುರುವಿನ ಲೆಕ್ಕಕ್ಕೆ ಒಂದು ದಿರ್ಹಮ್ ಅಂದ್ರೆ ಹತ್ರ ಹತ್ರ ಎರಡು ರೂಪಾಯಿ.

ಮಾಡಿ ನೋಡೋಣ. 1985-86ರಲ್ಲಿ ಡಾಲರ್ ಸರಾಸರಿ 12.23, ಭಾಗಿಸಿದ್ರೆ ದಿರ್ಹಮ್ 3.33. 1990-91ರಲ್ಲಿ 17.94, ಅಂದ್ರೆ 4.89. ಮುಂದಿನ ವರ್ಷವೇ 6.67ಕ್ಕೆ ಜಂಪ್, ಯಾಕಂದ್ರೆ 1991ರ ಜುಲೈ 1 ಮತ್ತು 3ಕ್ಕೆ ಎರಡು ಕಂತಲ್ಲಿ ರೂಪಾಯಿ ಬೆಲೆ ಇಳಿಸಿದ್ರು, ಡಾಲರ್ 21ರಿಂದ 25 ದಾಟ್ತು. 1993ರ ಮಾರ್ಚ್‌ನಿಂದ ರೇಟನ್ನ ಮಾರ್ಕೆಟ್ಟಿಗೇ ಬಿಟ್ಟಿದ್ದಾಯ್ತು, 1993-94ರ ಸರಾಸರಿ 31.37, ದಿರ್ಹಮ್‌ಗೆ ಎಂಟೂವರೆ ರೂಪಾಯಿ. ಮೂರೇ ವರ್ಷದಲ್ಲಿ 4.89ರಿಂದ ಎಂಟೂವರೆ! ಆ ಟೈಮಲ್ಲಿ ಅಲ್ಲಿದ್ದವರಿಗೆ ಸಂಬಳ ಏರದೇ ಇದ್ರೂ ಊರಿಗೆ ಬರೋ ದುಡ್ಡು ಏರ್ತಾ ಹೋಯ್ತು.

ರೇಟ್ ಯಾವಾಗ್ಲೂ ಮೇಲಕ್ಕೇ ಹೋಗತ್ತೆ ಅಂತ ನಂಬಿರೋರು 2007-08 ನೋಡಬೇಕು. ಹಿಂದಿನ ವರ್ಷ 45.28 ಇದ್ದ ಡಾಲರ್ 40.24ಕ್ಕೆ ಇಳೀತು, ದಿರ್ಹಮ್ 12.33ರಿಂದ 10.96ಕ್ಕೆ. ಹತ್ತು ಸಾವಿರ ದಿರ್ಹಮ್ ಕಳಿಸಿದ್ರೆ 13,700 ರೂಪಾಯಿ ಕಮ್ಮಿ, ಮನೆ ಸಾಲದ ಇಎಂಐ ಕಟ್ಟೋರ ಗತಿ ಏನಾಗಿರಬೇಡ.

ಹಳೇ ರಸೀದಿ ಸಿಕ್ಕಿದ್ರೆ ಪಕ್ಕದಲ್ಲಿಟ್ಟು ನೋಡಿ, ನಿಮ್ಮ ಲೆಕ್ಕಕ್ಕಿಂತ ಸ್ವಲ್ಪ ಕಮ್ಮಿನೇ ಇರಬಹುದು. ಎಕ್ಸ್‌ಚೇಂಜ್‌ನವರು ತಮ್ಮ ಮಾರ್ಜಿನ್ ಮುರ್ಕೊಂಡೇ ಕೊಡೋದು, ಜೊತೆಗೆ ಇದು ವರ್ಷದ ಸರಾಸರಿ, ಆ ದಿನದ ರೇಟ್ ಅಲ್ಲ.

ಸ್ಟೆಪ್ 4: ಬೆಲೆಯೇರಿಕೆ ಸೇರಿಸಿ, ಇದನ್ನ ಬಿಡಬೇಡಿ

ಇದನ್ನ ತುಂಬಾ ಜನ ಮಾಡಲ್ಲ, ನನ್ನ ಪ್ರಕಾರ ಅಸಲಿ ವಿಷಯ ಇರೋದೇ ಇಲ್ಲಿ. 2001-02ರಲ್ಲಿ ಡಾಲರ್ 47.69, ಸಾವಿರ ದಿರ್ಹಮ್‌ಗೆ ಸುಮಾರು 12,990 ರೂಪಾಯಿ. 2023-24ರಲ್ಲಿ ಡಾಲರ್ 82.79, ಅದೇ ಸಾವಿರಕ್ಕೆ 22,540. ಖುಷಿಯಾಗತ್ತೆ ಅಲ್ವಾ, ತಡೀರಿ. ಆಸ್ತಿ ಮಾರಿದಾಗ ಟ್ಯಾಕ್ಸ್ ಲೆಕ್ಕಕ್ಕೆ ಆದಾಯ ತೆರಿಗೆಯವರು ಒಂದು ಬೆಲೆಯೇರಿಕೆ ಸೂಚ್ಯಂಕ ಕೊಡ್ತಾರೆ, 2001-02ಕ್ಕೆ 100, 2023-24ಕ್ಕೆ 348. ಪಕ್ಕಾ ಅಳತೆ ಅಲ್ಲ, ನಮ್ಮ ಕೆಲಸಕ್ಕೆ ಸಾಕು. 12,990ನ್ನ 3.48ರಿಂದ ಗುಣಿಸಿದ್ರೆ 45,200. ಅಂದ್ರೆ ಅವತ್ತಿನ ಸಾವಿರ ದಿರ್ಹಮ್ ಊರಲ್ಲಿ ಮಾಡ್ತಿದ್ದ ಕೆಲಸ ಮಾಡೋಕೆ 45,200 ರೂಪಾಯಿ ಬೇಕು, ಬರ್ತಿರೋದು 22,540, ಅರ್ಧಕ್ಕರ್ಧ. ರೇಟ್ ಏರಿದೆ, ಕಳಿಸೋ ದುಡ್ಡಿನ ತಾಕತ್ತು ಇಳಿದಿದೆ.

ಸ್ಟೆಪ್ 5: ಕೊನೇದಾಗಿ ಇನ್ನೊಂದು ಕಾಲಂ ಹಾಕಿ, ಅದರಲ್ಲಿ ಆಯಾ ವರ್ಷದ ಸಂಬಳ ದಿರ್ಹಮ್‌ನಲ್ಲೇ ಬರೀರಿ. ಮೇಲಿನ ಲೆಕ್ಕದ ಪ್ರಕಾರ 2001-02ರಲ್ಲಿ ಎರಡು ಸಾವಿರ ದಿರ್ಹಮ್ ಇದ್ದವರಿಗೆ 2023-24ಕ್ಕೆ ನಾಲ್ಕು ಸಾವಿರವಾದ್ರೂ ಆಗಿದ್ರೆ ಊರಿನ ಮಟ್ಟಿಗೆ ಮೊದಲಿದ್ದಲ್ಲೇ ಇದ್ದಾರೆ ಅಂತ, ಅದಕ್ಕಿಂತ ಮೇಲಿರೋದಷ್ಟೇ ನಿಜವಾದ ಇನ್‌ಕ್ರಿಮೆಂಟ್.